ಬೂಟ್ ಆಗದ ಸುಖ

ಸರ್ವರ್ ಬೂಟ್ ಆಗುತ್ತಿಲ್ಲ ಎಂಬ ಮಾತಿನಲ್ಲಿ ಸಂಕಟವಿದೆ, ಸುದ್ದಿ ಇಲ್ಲ. ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಆಸುಪಾಸಿನ ಶಿವಾಜಿನಗರದ ಗುಜರಿಯಲ್ಲಿ, ಹಳೆಯ ಕಾರು ಬಿಚ್ಚಿ ಬಿಡಿಭಾಗ ಮಾರುವ ಓಣಿಗಳಲ್ಲಿ, ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಎಂದು ಗೋಳಾಡಿದರೆ ಯಾವ ಮೆಕ್ಯಾನಿಕ್ಕೂ ಮರುಗುವುದಿಲ್ಲ. ಸೆಲ್ಫ್ ತಿರುಗುತ್ತಾ, ಪ್ಲಗ್‌ಗೆ ಕರೆಂಟ್ ಬರುತ್ತಾ, ಪೆಟ್ರೋಲ್ ಏರುತ್ತಾ ಎಂದು ದಖನಿಯಲ್ಲೋ ತಮಿಳಿನಲ್ಲೋ ಕನ್ನಡದಲ್ಲೋ ಒಂದರ ಹಿಂದೊಂದು ಕೇಳುತ್ತಾನೆ. ಆ ಪ್ರಶ್ನೆಗಳ ಕ್ರಮದಲ್ಲೇ ಅರ್ಧ ರಿಪೇರಿ ಮುಗಿದಿರುತ್ತದೆ. ಒಂದೇ ಯಂತ್ರವನ್ನು ಹತ್ತಾರು ಯಂತ್ರಗಳಂತೆ ದುಡಿಸುವ ವರ್ಚುವಲೈಸೇಶನ್ ತಂತ್ರಾಂಶವನ್ನು ಹಾಕಹೊರಟವರಿಗೆ ಮೊದಲು ಎದುರಾಗುವುದೂ ಇದೇ ಬಗೆಯ ಮೊಂಡುತನ. ಇಎಸ್‌ಎಕ್ಸ್‌ಐ ಆಗಲಿ, ಪ್ರಾಕ್ಸ್‌ಮಾಕ್ಸ್ ಆಗಲಿ, ಕಪ್ಪು ಪರದೆ ಎಲ್ಲರಿಗೂ ಸಮಾನ. ಆ ಪರದೆಯ ಮುಂದೆ ಕುಳಿತು ದೋಷ ಹುಡುಕುವುದು ನನ್ನ ಪ್ರೀತಿಯ ಹವ್ಯಾಸ. ಈ ವಿದ್ಯೆಯ ನೆಂಟಸ್ತನ ಊರಿನ ಪೂರ್ವಕ್ಕಿರುವ ಗಾಜಿನ ಟೆಕ್ ಪಾರ್ಕುಗಳಿಗಿಂತ ಗುಜರಿಗೇ ಹೆಚ್ಚು ಹತ್ತಿರವೆಂಬುದು ನನ್ನ ವಾದ.

ಕಾರಣ ಸರಳ. ಕಂಪ್ಯೂಟರಿನ ಉಳಿದ ದೋಷಗಳು ಎಲ್ಲಿಂದ ಬೇಕಾದರೂ ಬರುತ್ತವೆ; ಬೂಟ್ ದೋಷ ಮಾತ್ರ ಸರದಿ ತಪ್ಪುವುದಿಲ್ಲ. ಮೊದಲು ಮದರ್‌ಬೋರ್ಡಿನ ತಂತ್ರಾಂಶವಾದ ಯುಇಎಫ್‌ಐ ಎದ್ದು ಮೆಮೊರಿ, ಡಿಸ್ಕುಗಳನ್ನು ಎಣಿಸುತ್ತದೆ. ಆಮೇಲೆ ಡಿಸ್ಕಿನ ಪುಟ್ಟ ವಿಭಾಗವೊಂದರಿಂದ ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಬೂಟ್‌ಲೋಡರ್ ಕರ್ನಲ್ಲನ್ನೂ ತಾತ್ಕಾಲಿಕ ಕಡತವ್ಯವಸ್ಥೆಯನ್ನೂ ಮೆಮೊರಿಗೆ ತಂದಿಟ್ಟು ಪಕ್ಕಕ್ಕೆ ಸರಿಯುತ್ತದೆ. ಕರ್ನಲ್ ನಿಜವಾದ ಡಿಸ್ಕನ್ನು ಹುಡುಕಿಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಒಂದೇ ಕೆಲಸ, ಮುಗಿದ ಮೇಲೆ ನಿವೃತ್ತಿ. ಹಾಗಾಗಿ ಪರದೆಯ ಮೇಲೆ ಉಳಿದ ಕೊನೆಯ ಸಾಲು ಬಹುತೇಕ ಸಲ ಅಪರಾಧಿಯ ಹೆಸರಲ್ಲ. ಕೆಲಸ ಮುಗಿಸಿಹೋದವನ ಸಹಿ. ‘ಲೋಡಿಂಗ್ ಇನಿಶಿಯಲ್ ರ‍್ಯಾಮ್‌ಡಿಸ್ಕ್’ ಎಂದು ನಿಂತ ಪರದೆ ಕಂಡು ಎಷ್ಟೋ ಜನ ಆ ರ‍್ಯಾಮ್‌ಡಿಸ್ಕನ್ನೇ ಶಪಿಸುತ್ತಾರೆ. ಅದು ಗ್ರಬ್ ಎಂಬ ಬೂಟ್‌ಲೋಡರ್ ಬರೆದ ಕಡೆಯ ಮಾತು. ಸಾಮಾನ್ಯವಾಗಿ ಆ ಹೊತ್ತಿಗೆ ಕರ್ನಲ್ ಅಧಿಕಾರ ವಹಿಸಿಕೊಂಡಾಗಿದೆ. ಗ್ರಾಫಿಕ್ಸ್ ಕಾರ್ಡಿನ ಜೊತೆ ಹೊಂದಾಣಿಕೆಯಾಗದೆ ಬಾಯಿ ಕಟ್ಟಿದಂತಾಗಿರುತ್ತದೆ, ಅಷ್ಟೆ. ಕೆಲವೊಮ್ಮೆ ಯಂತ್ರ ಪೂರ್ತಿ ಎದ್ದು ಜಾಲದಲ್ಲಿ ಆರಾಮಾಗಿ ಉತ್ತರಿಸುತ್ತಿರುತ್ತದೆ, ಪರದೆ ಮಾತ್ರ ಸತ್ತಂತಿರುತ್ತದೆ. ಗ್ರಬ್ ಪಟ್ಟಿಯಲ್ಲಿ ‘ಇ’ ಒತ್ತಿ ‘ನೋಮೋಡ್‌ಸೆಟ್’ ಸೇರಿಸಿದರೆ ಮಾತು ಹೊರಡುತ್ತದೆ. ಇಎಸ್‌ಎಕ್ಸ್‌ಐ ಕೂಡ ಹೀಗೆಯೇ. ಕೆಲವು ಯಂತ್ರಗಳಲ್ಲಿ ‘ರಿಲೊಕೇಟಿಂಗ್ ಮಾಡ್ಯೂಲ್ಸ್ ಆ್ಯಂಡ್ ಸ್ಟಾರ್ಟಿಂಗ್ ಅಪ್ ದ ಕರ್ನಲ್’ ಎಂದು ಬರೆದು ಮೌನವ್ರತ ಹಿಡಿಯುತ್ತದೆ. ಪರದೆಯೇ ಇಲ್ಲದ ಯಂತ್ರವೆಂದು ಅದು ಭಾವಿಸಿರುತ್ತದೆ. ಬೂಟ್ ಆಯ್ಕೆಯಲ್ಲಿ ‘ಇಗ್ನೋರ್‌ಹೆಡ್‌ಲೆಸ್’ ಎಂದು ತಿಳಿಹೇಳಬೇಕು.

ಇಷ್ಟೆಲ್ಲ ಏಕೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಯಂತ್ರ ಖಾಲಿಯಿದ್ದರೆ ಆ ಮಾತು ಸರಿ. ಹತ್ತು ನಿಮಿಷದ ಕೆಲಸಕ್ಕೆ ಒಂದು ರಾತ್ರಿ ಸುರಿಯುವುದು ಶೋಕಿಯೇ ಹೊರತು ಜಾಣತನವಲ್ಲ. ಆದರೆ ಪ್ರಾಕ್ಸ್‌ಮಾಕ್ಸ್‌ನ ಒಂದು ಪ್ರಸಿದ್ಧ ದೋಷವನ್ನು ನೋಡಿ. ತಿಂಗಳುಗಟ್ಟಲೆ ನೆಟ್ಟಗೆ ನಡೆದ ಯಂತ್ರ ಒಂದು ರೀಬೂಟಿನ ನಂತರ ‘ಎಲ್‌ವಿಎಂಐಡಿ’ ಎಂದು ಶುರುವಾಗುವ ಹೆಸರಿನ ಡಿಸ್ಕ್ ಕಾಣುತ್ತಿಲ್ಲವೆಂದು ಹೇಳಿ ‘ಗ್ರಬ್ ರೆಸ್ಕ್ಯೂ’ ಎಂಬ ಬಡ ಪರದೆಗೆ ಬೀಳುತ್ತದೆ. ಡಿಸ್ಕ್ ಹಾಳಾಗಿಲ್ಲ, ದತ್ತಾಂಶ ಅಲ್ಲೇ ಇದೆ. ಎಲ್‌ವಿಎಂ ಎಂಬ ಡಿಸ್ಕ್ ವಿಭಾಗಿಸುವ ವ್ಯವಸ್ಥೆ ತನ್ನ ವಿಭಾಗಗಳ ಲೆಕ್ಕವನ್ನು ಡಿಸ್ಕಿನ ಒಂದು ನಿಗದಿತ ಜಾಗದಲ್ಲಿ ಬರೆದಿಡುತ್ತದೆ. ಹೊಸ ವರ್ಚುವಲ್ ಡಿಸ್ಕ್ ಮಾಡಿದಾಗಲೆಲ್ಲ, ಸ್ನ್ಯಾಪ್‌ಶಾಟ್ ತೆಗೆದಾಗಲೆಲ್ಲ ಹಳೆಯ ಲೆಕ್ಕದ ಮುಂದೆ ಹೊಸ ಪ್ರತಿ ಬರೆಯುತ್ತ ಹೋಗಿ, ಜಾಗದ ಅಂಚು ಮುಟ್ಟಿದಾಗ ಸುತ್ತಿಕೊಂಡು ಮತ್ತೆ ಆರಂಭಕ್ಕೆ ಬರುತ್ತದೆ. ಹಾಗೆ ಸುತ್ತಿಕೊಂಡ ಪ್ರತಿಯನ್ನು ಓದಲು ಹಳೆಯ ಗ್ರಬ್‌ಗೆ ಬರುತ್ತಿರಲಿಲ್ಲ. ಪರಿಹಾರವೋ ನಗು ತರಿಸುವಂಥದ್ದು: ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 4 ಎಂಬಿಯ ಬೇಡದ ವಿಭಾಗವೊಂದನ್ನು ಸೃಷ್ಟಿಸಿದರೆ ಸಾಕು. ಲೆಕ್ಕ ಮರುಬರಹವಾಗಿ ಬೇರೆ ಜಾಗಕ್ಕೆ ಹೋಗುತ್ತದೆ, ಯಂತ್ರ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ಗ್ರಬ್ಬನ್ನು ನವೀಕರಿಸುವುದು ಆಮೇಲಿನ ಶಾಶ್ವತ ಮದ್ದು. ಇಲ್ಲಿ ಅವಸರದಿಂದ ಇನ್‌ಸ್ಟಾಲರ್ ಓಡಿಸಿದವನು ಆರೋಗ್ಯವಾಗಿದ್ದ ಡಿಸ್ಕನ್ನು ಅಳಿಸಿರುತ್ತಾನೆ. ನಾಲ್ಕು ಎಂಬಿಗೆ ಬಗ್ಗುವ ಬೀಗಕ್ಕೆ ಬಾಗಿಲನ್ನೇ ಒಡೆದರೆ ಕಳ್ಳನಿಗೂ ನಮಗೂ ಏನು ವ್ಯತ್ಯಾಸ?

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕ್ಲೌಡ್ ಇರುವಾಗ ಸ್ವಂತ ಸರ್ವರನ್ನು ಕೈಯಾರೆ ಎಬ್ಬಿಸುವ ಗ್ರಹಚಾರ ಯಾರಿಗೆ ಬೇಕು? ಅಲ್ಲಿ ಒಂದು ಯಂತ್ರ ಕೈಕೊಟ್ಟರೆ ಅದನ್ನು ಕೊಂದು ಇನ್ನೊಂದನ್ನು ಹುಟ್ಟಿಸುತ್ತಾರೆ. ರೋಗ ಪತ್ತೆ ಮಾಡುವವರಿಲ್ಲ. ಈ ಊರಿನ ಎಷ್ಟೋ ಜಾಣ ಎಂಜಿನಿಯರುಗಳು ಬಯಾಸ್ ಪರದೆಯನ್ನೇ ನೋಡದೆ ದೊಡ್ಡ ಹುದ್ದೆಗೇರಬಹುದು, ಅದರಲ್ಲಿ ತಪ್ಪೂ ಇಲ್ಲ. ಆದರೆ ಕ್ಲೌಡ್ ಎಂಬುದು ಬೇರೆಯವರ ಕೋಣೆಯಲ್ಲಿ ಬೂಟ್ ಆದ ಯಂತ್ರವೇ. ಅಮೆಜಾನ್ 2006ರಲ್ಲಿ ತನ್ನ ಕ್ಲೌಡ್ ಸೇವೆ ಇಸಿ2 ಆರಂಭಿಸಿದ್ದು ಕೇಂಬ್ರಿಜ್‌ನಲ್ಲಿ ಹುಟ್ಟಿದ ವರ್ಚುವಲೈಸೇಶನ್ ತಂತ್ರಾಂಶ ಝೆನ್‌ನ ಮೇಲೆ. ಗೂಗಲ್ ಕ್ಲೌಡ್ ನಿಂತಿರುವುದು ಅದೇ ಬಗೆಯ ಕೆವಿಎಂ ಮೇಲೆ, ಪ್ರಾಕ್ಸ್‌ಮಾಕ್ಸ್ ನಿಂತಿರುವುದೂ ಅದರ ಮೇಲೆಯೇ. ಅದೇ ಅಮೆಜಾನ್ 2021ರಲ್ಲಿ ಇಸಿ2ಗೆ ಸೀರಿಯಲ್ ಕನ್ಸೋಲ್ ಜೋಡಿಸಿತು. ಅಂದರೆ ಬೂಟ್ ಆಗದ ಯಂತ್ರದ ಕೊನೆಯ ಮಾತುಗಳನ್ನು ಕುಳಿತು ಓದುವ ಅದೇ ಹಳೆಯ ಕಿಟಕಿ. ಕೊಂದು ಹುಟ್ಟಿಸುವ ಧರ್ಮಕ್ಕೂ ಕೊನೆಗೆ ಪರದೆ ಬೇಕಾಯಿತು. ಇನ್ನು ಅಂತರ್ಜಾಲದಲ್ಲಿ ಸಿಗುವ ದಿಢೀರ್ ಪರಿಹಾರಗಳ ಮಾತು: ‘ನೋಮೋಡ್‌ಸೆಟ್’ ಸೇರಿಸಿ, ಸೆಕ್ಯೂರ್ ಬೂಟ್ ಆಫ್ ಮಾಡಿ, ಪೆನ್‌ಡ್ರೈವ್ ಬರೆಯುವ ರೂಫಸ್‌ನಲ್ಲಿ ಡಿಡಿ ಮೋಡ್ ಬಳಸಿ. ಮೂರೂ ನಿಜವಾದ ಔಷಧಿಗಳೇ, ಆದರೆ ಮೂರು ಬೇರೆ ಬೇರೆ ರೋಗಗಳಿಗೆ. ಪೆನ್‌ಡ್ರೈವ್ ಸರಿಯಾಗಿ ಬರೆಯದೆ ಇನ್‌ಸ್ಟಾಲರಿಗೆ ತನ್ನ ಐಎಸ್‌ಒ ಸಿಗದಿದ್ದಾಗ ಸೆಕ್ಯೂರ್ ಬೂಟ್ ಆಫ್ ಮಾಡಿ ಫಲವಿಲ್ಲ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಂತ್ರ ಎದ್ದೀತು. ಯಾವುದರಿಂದ ಎದ್ದಿತೆಂಬುದು ಗೊತ್ತಾಗದೆ ಮುಂದಿನ ಸಲವೂ ಅದೇ ಪೂಜೆ.

ಹಳೆಯ ಯಂತ್ರ ಕೊಂಡು ಈ ಹವ್ಯಾಸಕ್ಕಿಳಿದವರಿಗಂತೂ ಗುಜರಿಯ ಬುದ್ಧಿ ಅನಿವಾರ್ಯ. 2024ರ ಆರಂಭದಲ್ಲಿ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿಯನ್ನು ಅದರ ಒಡೆಯ ಕಂಪನಿ ಬ್ರಾಡ್‌ಕಾಮ್ ನಿಲ್ಲಿಸಿದಾಗ ಮನೆಯಲ್ಲಿ ಸರ್ವರ್ ಇಟ್ಟುಕೊಂಡವರಲ್ಲಿ ಅನೇಕರು ವಿಯೆನ್ನಾದ ಪ್ರಾಕ್ಸ್‌ಮಾಕ್ಸ್‌ಗೆ ವಲಸೆ ಹೋದರು. ಮರುವರ್ಷ ಉಚಿತ ಆವೃತ್ತಿ ಮರಳಿದರೂ ಹೋದವರೆಲ್ಲ ಮರಳಲಿಲ್ಲ. ಹೀಗೆ ಬಂದವರಿಗೆ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಯಂತ್ರವೊಂದು ಒಡ್ಡುವ ಒಗಟು ಇದು: ನಿನ್ನೆ ಓಡಿದ ವರ್ಚುವಲ್ ಯಂತ್ರಗಳು ಕರೆಂಟ್ ಹೋಗಿ ಬಂದ ಮೇಲೆ ಒಂದೂ ಏಳುವುದಿಲ್ಲ, ಗಡಿಯಾರ ಎಷ್ಟೋ ವರ್ಷ ಹಿಂದಿದೆ. ತಂತ್ರಾಂಶವನ್ನು ಮುಟ್ಟಲೇಬೇಡಿ. ಮದರ್‌ಬೋರ್ಡಿನ ಸಿಆರ್ 2032 ಸೆಲ್ ಸತ್ತಿರುತ್ತದೆ. ಬಯಾಸ್ ತನ್ನ ಮೂಲ ಹೊಂದಿಕೆಗೆ ಮರಳಿ, ಅದರ ಜೊತೆಗೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವೂ ಆರಿಹೋಗಿರುತ್ತದೆ. ಮೂರು ವೋಲ್ಟಿನ ಆ ಬಿಲ್ಲೆ ವಾಚಿನಂಗಡಿಯಲ್ಲೂ ಸಿಗುತ್ತದೆ. ಸೆಲ್ ಬದಲಿಸಿ, ಬಯಾಸ್‌ನಲ್ಲಿ ವಿಟಿ-ಎಕ್ಸ್ ಹಚ್ಚಿ, ಎಎಂಡಿ ಆಗಿದ್ದರೆ ಎಸ್‌ವಿಎಂ. ಮತ್ತೊಂದು ಮಾತು: ಮುಂದಿನ ಸಲ ಪರದೆ ನಿಂತರೆ ರೀಸೆಟ್ ಗುಂಡಿಗೆ ಬೆರಳು ಹೋಗುವ ಮೊದಲು ಫೋನಿನಲ್ಲಿ ಅದರದೊಂದು ಫೋಟೊ ತೆಗೆದಿಟ್ಟುಕೊಳ್ಳಿ.