ಆಗ್ನೇಯಕ್ಕೆ ಮುಖ ಮಾಡಿದ ಡಿಶ್

ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ "ನಾನು ಕೇಬಲ್ ತೆಗೆಸಿಬಿಟ್ಟೆ ಗುರು" ಅಂದರೆ ಅದು ಸ್ವಲ್ಪ ಜಂಬದ ಮಾತು. ಮನೆಯಲ್ಲಿ ವೈಫೈ ಇದೆ, ಸ್ಮಾರ್ಟ್ ಟಿವಿ ಇದೆ, ಮೂರು ಓಟಿಟಿ ಇವೆ, ಇನ್ನು ಕೇಬಲ್ ಯಾಕೆ ಅಂತ ಅದರ ಅರ್ಥ. ಮಾನ್ವಿಯಿಂದ ನಮ್ಮ ಅಕ್ಕ ಫೋನ್ ಮಾಡಿ "ಕೇಬಲ್ ತೆಗಿಸೀವಿ ತಮ್ಮಾ" ಅಂದರೆ ಅರ್ಥ ಬೇರೆ. ಆ ತಿಂಗಳು ಯಾವುದೋ ಖರ್ಚು ಮೈಮೇಲೆ ಬಿದ್ದಿದೆ, ತಿಂಗಳಿಗೆ ಮುನ್ನೂರು ರೂಪಾಯಿ ಉಳಿದರೆ ಉಳಿಯಲಿ ಅಂತ.

ಎರಡೂ ಮನೆಯಲ್ಲಿ ಕೇಬಲ್ ಇಲ್ಲ. ಆದರೆ ಫುಟ್ಬಾಲ್ ನೋಡುವ ದಾರಿ ಎರಡೂ ಮನೆಗೆ ಒಂದೇ ಅಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳೆಲ್ಲ ಮೊದಲನೇ ಮನೆಯವರಿಗೆ ಬರೆದದ್ದು. ನನಗೆ ಬೇಕಿದ್ದದ್ದು ಎರಡನೇ ಮನೆಗೆ.

ಯಾಕೆಂದರೆ ಆ ಮನೆಯಲ್ಲಿ ಒಬ್ಬಳು ಗೋಲ್‌ಕೀಪರ್ ಇದ್ದಾಳೆ. ಅಕ್ಕನ ಮಗಳು, ಒಂಬತ್ತನೇ ಕ್ಲಾಸು. ಸಾಲಿಯಲ್ಲಿ ಹುಡುಗಿಯರ ಟೀಮ್ ಮಾಡಿದಾಗ ಎತ್ತರ ಇದ್ದಾಳೆ ಅಂತ ಪಿಇ ಮಾಸ್ತರು ಅವಳನ್ನು ಕಂಬದ ನಡುವೆ ನಿಲ್ಲಿಸಿದರು. ನಿಂತವಳು ಅಲ್ಲೇ ಬೇರು ಬಿಟ್ಟಳು. ಕೀಪಿಂಗ್ ಹೇಳಿಕೊಡುವವರು ಯಾರೂ ಇಲ್ಲ. ಬಾಲ್ ಬಂದಾಗ ಮುಂದೆ ಬರಬೇಕಾ, ಗೆರೆ ಮೇಲೇ ನಿಲ್ಲಬೇಕಾ, ಪೆನಾಲ್ಟಿಗೆ ಯಾವ ಕಾಲು ಮೊದಲು ಎತ್ತಬೇಕು, ಇದನ್ನೆಲ್ಲ ಅವಳು ನೋಡಿಯೇ ಕಲಿಯಬೇಕು.

18 ಡಿಸೆಂಬರ್ 2022ರ ರಾತ್ರಿ ಅರ್ಜೆಂಟೀನಾ-ಫ್ರಾನ್ಸ್ ಫೈನಲ್ ಜಿಯೋ ಸಿನಿಮಾದಲ್ಲಿ ಫ್ರೀ ಬಂತು. ನೀವೂ ನೋಡಿರುತ್ತೀರಿ. ಆಟ 3-3, ಆಮೇಲೆ ಪೆನಾಲ್ಟಿಯಲ್ಲಿ 4-2. ರಾಯಚೂರಿನಲ್ಲಿ ನನ್ನ ಗೆಳೆಯರು ಸ್ಟೇಷನ್ ರೋಡಿನ ಒಂದು ಮೊಬೈಲ್ ಅಂಗಡಿ ಮುಂದೆ ನಿಂತು ನೋಡಿದರು. ದೇವದುರ್ಗ ತಾಲೂಕಿನ ನಮ್ಮ ಊರಲ್ಲಿ ಹುಡುಗರು ಒಂದು ಫೋನನ್ನು ಚಾದಂಗಡಿಯ ಸಕ್ಕರೆ ಡಬ್ಬಿಗೆ ಆನಿಸಿ, ಮಂಡಾಳ ಒಗ್ಗರಣಿ ಮಿರ್ಚಿ ತಿಂತಾ, ಹನ್ನೆರಡು ಮಂದಿ ಬಗ್ಗಿ ನೋಡಿದರು. ಮಾನ್ವಿಯಲ್ಲಿ ಗೋಲ್‌ಕೀಪರ್ ನೋಡಲಿಲ್ಲ. ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನ್ ಭಾವನದ್ದು, ಅದು ಅವರ ಜೊತೆ ಟಂಟಂ ಬಾಡಿಗೆಗೆ ಹೋಗಿತ್ತು. ಅಂಗಡಿ ಮುಂದೆ ರಾತ್ರಿ ಹನ್ನೊಂದರ ತನಕ ನಿಂತು ನೋಡೋದು ಗಂಡುಹುಡುಗರಿಗೆ ಮಾತ್ರ ಇರುವ ಸೌಲಭ್ಯ. ಅದನ್ನ ಯಾರೂ ಬೋರ್ಡ್ ಬರೆದು ಹಾಕಿಲ್ಲ, ಎಲ್ಲರಿಗೂ ಗೊತ್ತು.

ಮರುದಿನ ಬೆಳಿಗ್ಗೆ ಫೋನ್ ಬಂತು. "ಮಾಮಾ, ಮಾರ್ಟಿನೆಜ್ ಕಡೀ ನಿಮಿಷದಾಗ ಕಾಲೀಲೆ ಹಿಡದನಂತಲ್ಲ, ಹೆಂಗ ಹಿಡದ?"

ಎಡಗಾಲು ಚಾಚಿದ ಅಂದೆ. "ಅದು ಗೊತ್ತೈತಿ. ಹೆಂಗ ನಿಂತಿದ್ದ?" ಅಂದಳು. ಹತ್ತು ವರ್ಷದಿಂದ ಇಂಜಿನಿಯರ್ ಆಗಿ ಎಲ್ಲರಿಗೂ ಎಲ್ಲವನ್ನೂ ವಿವರಿಸಿದವನಿಗೆ ಆ ಒಂದು ಸೇವ್ ಫೋನಿನಲ್ಲಿ ವಿವರಿಸಲಿಕ್ಕೆ ಬರಲಿಲ್ಲ. ಅದು ಹೇಳುವ ವಿಷಯವೇ ಅಲ್ಲ, ನೋಡುವ ವಿಷಯ.

ಸರಿ, ದಾರಿಗಳನ್ನ ಒಂದೊಂದಾಗಿ ನೋಡೋಣ ಅಂತ ಕೂತೆ.

ಮೊದಲನೆಯದು ಮೊಬೈಲ್ ಆ್ಯಪ್. ಬೆಂಗಳೂರಿನಲ್ಲಿ ನಮಗೆ ಇದೇ ಸುಲಭ. ಫ್ಯಾನ್‌ಕೋಡ್ ಥರದ ಆ್ಯಪುಗಳಲ್ಲಿ ಪೂರ್ತಿ ವರ್ಷದ ಚಂದಾ ಬೇಡ ಅಂದರೆ ಒಂದು ಟೂರ್ನಿಗೆ, ಕೆಲವೊಮ್ಮೆ ಒಂದೇ ಪಂದ್ಯಕ್ಕೆ ದುಡ್ಡು ಕೊಟ್ಟು ನೋಡಬಹುದು. ಆದರೆ ಲೆಕ್ಕ ಹಾಕಿ. ಒಂದು ಪಂದ್ಯ ಅಂದರೆ ಮಧ್ಯಂತರ, ಹೆಚ್ಚುವರಿ ನಿಮಿಷ ಎಲ್ಲ ಸೇರಿ ಎರಡು ಗಂಟೆ. ವಿಡಿಯೋ ಕ್ವಾಲಿಟಿ ಇಳಿಸದಿದ್ದರೆ ಗಂಟೆಗೆ ಒಂದು ಜಿಬಿ ಆರಾಮಾಗಿ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರ ಡೇಟಾ ಸರಿಯಾಗಿ ಎರಡನೇ ಅರ್ಧದಲ್ಲಿ ಖಾಲಿ. ಇಳಿಸಿದರೆ ಬಾಲ್ ಕಾಣೋದಿಲ್ಲ. ಅದಕ್ಕೂ ಮೊದಲು ಆ ಫೋನು ಮನೆಯಲ್ಲಿರಬೇಕು.

ಎರಡನೆಯದು 'ಫ್ರೀ ಲಿಂಕು'. ದೇವದುರ್ಗದ ನನ್ನ ಕಾಕಾನ ಮಗ ಇದರಲ್ಲಿ ಪಂಡಿತ. "ಅಣ್ಣಾ, ಎಲ್ಲಾ ಲೀಗೂ ಫ್ರೀ ಬರ್ತಾವ ನೋಡು" ಅಂತ ಒಂದು ಆ್ಯಪ್ ತೋರಿಸಿದ. ಪ್ಲೇ ಸ್ಟೋರಿನದ್ದಲ್ಲ, ಗ್ರೂಪಿನಲ್ಲಿ ಬಂದ ಫೈಲು. ಅದಕ್ಕೆ ಏನೇನು ಅನುಮತಿ ಕೊಟ್ಟಿದ್ದಾನೆ ನೋಡಿದೆ. ಕಾಂಟ್ಯಾಕ್ಟ್, ಎಸ್ಸೆಮ್ಮೆಸ್, ಸ್ಕ್ರೀನ್ ಮೇಲೆ ಬರೆಯುವ ಹಕ್ಕು. ಫುಟ್ಬಾಲ್ ತೋರಿಸುವ ಆ್ಯಪಿಗೆ ನಿನ್ನ ಎಸ್ಸೆಮ್ಮೆಸ್ ಯಾಕಪ್ಪಾ ಬೇಕು? ಬ್ಯಾಂಕಿನ ಓಟಿಪಿ ಬರೋದು ಅಲ್ಲೇ. ಹತ್ತಿ ಮಾರಿದ ದುಡ್ಡು ಬರೋದು ಅದೇ ಅಕೌಂಟಿಗೆ. ಇದನ್ನ ಹೇಳಿದ ಮೇಲೆ ಅವನೇ ಗಾಬರಿಯಾಗಿ ತೆಗೆದ. ಕದ್ದ ಪ್ರಸಾರ ತಪ್ಪು ಅನ್ನೋ ಮಾತು ಹಾಗಿರಲಿ, ಫ್ರೀ ಅನ್ನೋದೇ ಸುಳ್ಳು.

ಮೂರನೆಯದು ನಮ್ಮ ಕಣ್ಣೆದುರೇ ಇದ್ದು ನಾವು ಮರೆತದ್ದು: ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಯಿತು, ಆಮೇಲೆ ಹೆಸರು ಬದಲಾಯಿತು. ಒಮ್ಮೆ ಡಿಶ್ ಮತ್ತು ಡಬ್ಬಿ ಕೊಂಡರೆ ಮುಗೀತು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಡಿಡಿ ಸ್ಪೋರ್ಟ್ಸ್ ಅದರಲ್ಲೇ ಬರುತ್ತದೆ.

ಇದರ ಹಿಂದೆ ಒಂದು ಕಾನೂನಿದೆ. ದೇಶಕ್ಕೆ ಮುಖ್ಯ ಅಂತ ಸರ್ಕಾರ ಗೊತ್ತುಮಾಡಿದ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿ ಚಾನೆಲ್ಲುಗಳು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು ಅಂತ 2007ರ ಕಾಯ್ದೆ ಹೇಳುತ್ತದೆ. ಆ ಪಟ್ಟಿಯಲ್ಲಿ ಕ್ರಿಕೆಟ್ ಅಷ್ಟೇ ಅಲ್ಲ, ಫುಟ್ಬಾಲ್ ವಿಶ್ವಕಪ್ಪಿನ ಸೆಮಿಫೈನಲ್, ಫೈನಲ್ ಕೂಡ ಇವೆ. ತಮಾಷೆ ಅಂದರೆ, ಹೀಗೆ ಹಂಚಿಕೊಂಡ ಸಿಗ್ನಲ್ಲನ್ನು ದೂರದರ್ಶನ ತನ್ನ ಸ್ವಂತ ಟವರ್ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಕೇಬಲ್‌ನವರ ಮೂಲಕ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂದರೆ ಅಂಥ ಪಂದ್ಯದ ದಿನ ಡಿಡಿ ಸ್ಪೋರ್ಟ್ಸ್ ನೋಡುವುದರಲ್ಲಿ ಕೇಬಲ್ ಇದ್ದವನಿಗಿಂತ ಕೇಬಲ್ ಇಲ್ಲದವನೇ ಮುಂದು!

ಟೆಕ್ನಿಕಲ್ ಆಗಿಯೂ ನನಗೆ ಇದು ಇಷ್ಟ. ಆ್ಯಪಿನಲ್ಲಿ ನೋಡುವ ಪ್ರತಿಯೊಬ್ಬರಿಗೂ ಸರ್ವರ್ ಬೇರೆ ಬೇರೆ ಕಳಿಸಬೇಕು. ಜನ ಹೆಚ್ಚಾದಷ್ಟೂ ಭಾರ ಹೆಚ್ಚು. ಉಪಗ್ರಹ ಒಂದೇ ಸಲ ಕಳಿಸುತ್ತದೆ, ಮಳೆಯ ಹಾಗೆ. ಹತ್ತು ಮನೆ ನೋಡಲಿ, ಹತ್ತು ಕೋಟಿ ಮನೆ ನೋಡಲಿ, ಅದಕ್ಕೆ ಅಷ್ಟೇ. ಆ್ಯಪಿನಲ್ಲಿ ಗೋಲು ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಡಿಶ್ ಇದ್ದವರು ಚೀರಿದ ಮೇಲೆ ನಿಮ್ಮ ಫೋನಿನಲ್ಲಿ ಹುಡುಗ ಇನ್ನೂ ಓಡ್ತಾ ಇರ್ತಾನೆ.

ರಾಯಚೂರಿಗೆ ಇದು ಹೊಸದೂ ಅಲ್ಲ. 1 ಆಗಸ್ಟ್ 1975ರಿಂದ ಒಂದು ವರ್ಷ ಇಸ್ರೋದವರು ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿದರು. ಸೈಟ್ ಅಂತ ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ಬಿಜಾಪುರ ಮತ್ತು ನಮ್ಮ ರಾಯಚೂರು ಜಿಲ್ಲೆಗಳನ್ನು. ಕೋಳಿಗೂಡಿಗೆ ಹಾಕುವ ಜಾಳಿಗೆಯಿಂದ ಮಾಡಿದ ಹತ್ತು ಅಡಿಯ ಡಿಶ್, ಊರಿಗೆಲ್ಲ ಒಂದು ಟಿವಿ. ಬೆಂಗಳೂರಿಗೆ ಟಿವಿ ಬರುವ ಮೊದಲೇ ನಮ್ಮ ಕಡೆ ಹೊಲ, ಆರೋಗ್ಯ, ಪಾಠದ ಕಾರ್ಯಕ್ರಮಗಳು ಬಂದುಹೋಗಿದ್ದವು. ನಮ್ಮ ತಾತ ಹೇಳ್ತಿದ್ದರು, "ಬಾಜೂ ಊರ ಸಾಲಿ ಮುಂದ ಇಟ್ಟಿದ್ರು, ಹೆಣ್ಮಕ್ಕಳು ಮಕ್ಕಳು ಎಲ್ಲಾರೂ ಕುಂತು ನೋಡತಿದ್ರು." ಎಲ್ಲರೂ ಕೂತು ಅನ್ನುವ ಆ ಮಾತು ನನಗೆ ಈಗ ಬೇರೆ ಥರ ಕೇಳಿಸುತ್ತದೆ. ಟಿವಿ ಸಾಲಿ ಮುಂದೆ ಇದ್ದಾಗ ಎಲ್ಲರದ್ದು. ಫೋನಿಗೆ ಬಂದ ಮೇಲೆ ಅದು ಫೋನ್ ಯಾರ ಜೇಬಲ್ಲಿದೆಯೋ ಅವರದ್ದು.

2023ರ ಜುಲೈನಲ್ಲಿ ಊರಿಗೆ ಹೋದಾಗ ಮಾನ್ವಿಯಲ್ಲಿ ಡಿಶ್ ಹಾಕಿಸಿದೆ. ಎಲ್ಲ ಸೇರಿ 1,800 ರೂಪಾಯಿ, ಅಂದರೆ ಆರು ತಿಂಗಳ ಕೇಬಲ್ ಬಿಲ್ಲು. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮ ಜಿಲ್ಲೆಯಿಂದ ನೋಡಿದರೆ ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯ. ಮೆಕ್ಯಾನಿಕ್ ಫೋನಿನ ದಿಕ್ಸೂಚಿ ತೆಗೆಯುತ್ತಿದ್ದಂತೆ ಅಕ್ಕ ಕೆಳಗಿನಿಂದಲೇ ಹೇಳಿದಳು, "ಒಲಿ ಮೂಲಿ ಕಡೆ ತಿರಿಗಿಸಪಾ, ಅಷ್ಟ." ಸರಿಯಾಗಿ ಸಿಗ್ನಲ್ ಬಂತು.

ಆ ತಿಂಗಳೇ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಮಹಿಳಾ ವಿಶ್ವಕಪ್. ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುತ್ತಿತ್ತು. ಅಲ್ಲಿ ರಾತ್ರಿ ಅಂದರೆ ನಮಗೆ ಮಧ್ಯಾಹ್ನ, ಹೆಣ್ಣುಮಕ್ಕಳು ನಿದ್ದೆಗೆಡಬೇಕಾಗಿಲ್ಲ, ಹೊರಗೆ ನಿಲ್ಲಬೇಕಾಗಿಲ್ಲ. 20 ಆಗಸ್ಟ್, ಭಾನುವಾರ, ಮಧ್ಯಾಹ್ನ ಮೂರೂವರೆಗೆ ಸ್ಪೇನ್-ಇಂಗ್ಲೆಂಡ್ ಫೈನಲ್. ಅವತ್ತು ನಾನು ಬೆಂಗಳೂರಿನಲ್ಲಿ, ಅವರು ಮಾನ್ವಿಯಲ್ಲಿ, ಫೋನ್ ಸ್ಪೀಕರಿನಲ್ಲಿ. 29ನೇ ನಿಮಿಷದಲ್ಲಿ ಸ್ಪೇನಿನ ಓಲ್ಗಾ ಕಾರ್ಮೋನಾ ಹೊಡೆದ ಗೋಲೇ ಕೊನೆಗೆ ಪಂದ್ಯ ಗೆದ್ದಿತು. ಆದರೆ ನಮ್ಮ ಮನೆಗೆ ಮುಖ್ಯವಾದದ್ದು ಎರಡನೇ ಅರ್ಧದಲ್ಲಿ ಸ್ಪೇನಿಗೆ ಸಿಕ್ಕ ಪೆನಾಲ್ಟಿ. ಇಂಗ್ಲೆಂಡಿನ ಕೀಪರ್ ಮೇರಿ ಅರ್ಪ್ಸ್ ಅದನ್ನು ಹಿಡಿದುಬಿಟ್ಟಳು. ಆ ಕಡೆಯಿಂದ ಒಂದು ಕೂಗು ಬಂತು ನೋಡಿ, ಫೋನ್ ಕಿವಿಯಿಂದ ದೂರ ಹಿಡಿದೆ.

"ನೋಡಿದ್ಯಾ ಮಾಮಾ? ಕಡೀತನಕ ಅಲಗಾಡಲಿಲ್ಲ ಆಕಿ!"

ಆಮೇಲೆ ಅಕ್ಕನ ದನಿ. ಅವಳಿಗೆ ಆಟದ ನಿಯಮ ಗೊತ್ತಿಲ್ಲ. ಅವಳು ನೋಡಿದ್ದು ಗ್ಯಾಲರಿ. ಅವತ್ತು ಸಿಡ್ನಿಯ ಕ್ರೀಡಾಂಗಣದಲ್ಲಿ 75,784 ಜನ ಇದ್ದರು. "ತಮ್ಮಾ, ಇಷ್ಟು ಮಂದಿ ಹೆಣ್ಮಕ್ಕಳ ಆಟ ನೋಡಾಕ ರೊಕ್ಕ ಕೊಟ್ಟು ಬಂದಾರೇನು?"

ಹೌದು ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಮುಂದಿನ ತಿಂಗಳು ರಾಯಚೂರಿಗೆ ಜಿಲ್ಲಾ ಮಟ್ಟದ ಆಟಕ್ಕೆ ಕಳಿಸಬೇಕು, ಪಾಲಕರ ಸಹಿ ಬೇಕು ಅಂತ ಸಾಲಿಯಿಂದ ಚೀಟಿ ಬಂದಿತ್ತು. ಹೆಣ್ಣುಹುಡುಗಿ, ಎರಡು ದಿನ ಹೊರಗೆ, ಯಾಕೆ ಬೇಕು ಅಂತ ಅಕ್ಕ ಅದನ್ನ ದೇವರ ಮನೆಯ ಮಾಡದಲ್ಲಿ ಇಟ್ಟಿದ್ದಳು. ಆ ವಾರ ಸಹಿ ಮಾಡಿದಳು. ಟಿವಿ ನೋಡಿಯೇ ಮಾಡಿದಳು ಅಂತ ನಾನು ಹೇಳಲಾರೆ. ಮಗಳು ಹದಿನೈದು ದಿನದಿಂದ ಬೆನ್ನು ಬಿದ್ದಿದ್ದಳು, ಅದೂ ಇದೆ. ರಾಯಚೂರಿನಲ್ಲಿ ಎರಡನೇ ಪಂದ್ಯಕ್ಕೇ ಸೋತು ಬಂದರು. ಸೋತದ್ದಕ್ಕಿಂತ ತಾನು ಗೆರೆ ಬಿಟ್ಟು ಎಷ್ಟು ಮುಂದೆ ಬಂದೆ ಅನ್ನೋದನ್ನೇ ಅವಳು ನನಗೆ ಅರ್ಧ ಗಂಟೆ ಹೇಳಿದಳು.

ಫ್ರೀ ಡಿಶ್ ಎಲ್ಲವನ್ನೂ ಕೊಡುವುದಿಲ್ಲ. ಪ್ರೀಮಿಯರ್ ಲೀಗ್, ಚಾಂಪಿಯನ್ಸ್ ಲೀಗ್ ಬೇಕಂದರೆ ದುಡ್ಡು ಕೊಡಲೇಬೇಕು. ಜೋರು ಮಳೆಯಲ್ಲಿ ಚಿತ್ರ ನಿಲ್ಲುತ್ತದೆ. ಆದರೆ ಎಲ್ಲ ಕೊಟ್ಟರೂ ನಾವು ಏನು ನೋಡುತ್ತೇವೆ ಅನ್ನೋದೂ ಪ್ರಶ್ನೆಯೇ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಮೂರು ಮೂರು ಓಟಿಟಿ ಇರುವ ನನ್ನ ಆಫೀಸಿನಲ್ಲಿ ಸೋಮವಾರ ಯಾರಿಗೂ ಆ ಸುದ್ದಿ ಗೊತ್ತಿರಲಿಲ್ಲ.

ಈ ದಸರಾಕ್ಕೋ ಉಗಾದಿಗೋ ನೀವೂ ಊರಿಗೆ ಹೋಗ್ತೀರಿ. ನಿಮ್ಮ ಪಾಸ್‌ವರ್ಡ್ ಹಂಚಿಬರುವ ಮೊದಲು ಮನೆಯಲ್ಲಿ ಫೋನ್ ಯಾರ ಕೈಯಲ್ಲಿದೆ, ರಿಮೋಟ್ ಯಾರ ಕೈಯಲ್ಲಿದೆ ಒಂದು ಸಲ ನೋಡಿ. ಫೋನ್ ಸಿಗದವರು ಯಾರಾದರೂ ಇದ್ದರೆ ಮಾಳಿಗೆ ಹತ್ತಿ ಒಂದು ಡಿಶ್ ಹಾಕಿಸಿ. ಸ್ಕ್ರೂ ಮಾತ್ರ ಬಿಗಿಯಾಗಿ ಹಾಕಿಸ್ರಿ, ನಮ್ಮ ಕಡೆ ಮಂಗಗಳು ಅದನ್ನ ನೈಋತ್ಯಕ್ಕೆ ತಿರುಗಿಸಿ ಹೋಗ್ತಾವೆ.