ಮೋಡೆಮ್ ಕಲಿಸಿದ್ದು, ನಾನು ಮರೆತಿದ್ದು

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನಲು ಗಾಡಿ ನಿಲ್ಲಿಸುವವರಿಗೆ ಮೊದಲು ಕಾಣುವುದು ಮಂಜು. ಆಮೇಲೆ ಕಾಣುವುದು ಮೊಬೈಲ್‌ನಲ್ಲಿ ಕಡ್ಡಿ ಇಲ್ಲದಿರುವುದು. ಮೊನ್ನೆ ಮಳೆಯಲ್ಲಿ ನಮ್ಮ ಪಕ್ಕದ ಮನೆ ಹುಡುಗ ಜಗಲಿ ಮೇಲೆ ಕೂತು ಫೋನಿನಲ್ಲಿ ಬಂದೂಕಿನ ಆಟ ಆಡುತ್ತಿದ್ದ. ಇದ್ದಕ್ಕಿದ್ದಂತೆ ಫೋನನ್ನು ತೊಡೆಗೆ ಕುಕ್ಕಿ, "ಅಣ್ಣ, ಪಿಂಗ್ 180 ತೋರಿಸ್ತಿದೆ, ಆಡಕ್ಕೇ ಆಗಲ್ಲ" ಅಂದ.

"ನಾನು 400ರಲ್ಲಿ ಆಡಿದೀನಿ ಮಾರಾಯ" ಅಂದೆ. ಅವನು ನಂಬಲಿಲ್ಲ.

ಅದು 2004. ನಾನಾಗ ಪಿಯುಸಿ. ಅಪ್ಪ ಇಲ್ಲೇ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಕಾಫಿ ರೇಟು ನೆಲ ಕಚ್ಚಿದ್ದ ವರ್ಷಗಳು ಆಗಷ್ಟೇ ಕಳೆದಿದ್ದವು. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಮಾರುಕಟ್ಟೆ ನೋಡದೆ ಸಾಹುಕಾರರಿಗೆ ನಿದ್ದೆ ಬರುತ್ತಿರಲಿಲ್ಲ. ಅದಕ್ಕೆಂದೇ ತೋಟದ ಆಫೀಸಿಗೆ ಒಂದು ಕಂಪ್ಯೂಟರ್, ಒಂದು ಮೋಡೆಮ್, ಸಂಚಾರ್‌ನೆಟ್ ಕಾರ್ಡು ಬಂದವು. ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲಿ ಅಂತ ಕಂಪ್ಯೂಟರಿನ ಪಕ್ಕ ಹಗಲೂ ರಾತ್ರಿ ಒಂದು ಬಲ್ಬ್ ಉರಿಯುತ್ತಿತ್ತು. ಆ ಪೆಟ್ಟಿಗೆ ಮುಟ್ಟಲು ಅಪ್ಪನಿಗೆ ಹೆದರಿಕೆ. ಹಾಗಾಗಿ ಸಂಜೆ ರೇಟು ನೋಡಿ ಚೀಟಿಯಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಇಂಟರ್ನೆಟ್ ಬರುತ್ತಿದ್ದುದು ಮಾತಾಡುವ ಫೋನಿನ ತಂತಿಯಲ್ಲೇ. ಮೋಡೆಮ್ ನಂಬರ್ ಡಯಲ್ ಮಾಡಿ ಕೀಂವ್, ಗರ್ರ್ ಎಂದು ಕಿರುಚಿಕೊಳ್ಳುತ್ತಿತ್ತು. ಆ ಕಿರುಚಾಟದಲ್ಲಿ ಎರಡು ತುದಿಯ ಮೋಡೆಮ್‌ಗಳು ತಂತಿ ಎಷ್ಟು ಚೆನ್ನಾಗಿದೆ, ಎಷ್ಟು ವೇಗದಲ್ಲಿ ಮಾತಾಡಬಹುದು ಅಂತ ಒಪ್ಪಂದ ಮಾಡಿಕೊಳ್ಳುತ್ತಿದ್ದವು. ಡಬ್ಬಿಯ ಮೇಲೆ 56 ಕೆಬಿಪಿಎಸ್ ಅಂತ ಬರೆದಿತ್ತು. ಸಿಲ್ವರ್ ಓಕ್ ಕೊಂಬೆಗಳ ನಡುವೆ ತೂರಿ, ಮಳೆ ಕುಡಿದು ನಮ್ಮಲ್ಲಿಗೆ ಬರುವ ತಂತಿಯಲ್ಲಿ 31.2 ಸಿಕ್ಕರೆ ಅದೇ ಹಬ್ಬ. ಆ ವೇಗದಲ್ಲಿ ಸೆಕೆಂಡಿಗೆ ನಾಲ್ಕು ಕೆಬಿ ಕೂಡ ಬರುವುದಿಲ್ಲ. ಒಂದು ಎಂಬಿಯ ಫೋಟೋ ಇಳಿಯಬೇಕಾದರೆ ನಾಲ್ಕೂವರೆ ನಿಮಿಷ ಬೇಕು, ಅದೂ ಮಧ್ಯೆ ಲೈನು ಕಟ್ ಆಗದಿದ್ದರೆ. ಗುಡುಗು ಕೇಳಿಸಿತೋ, ಓಡಿಹೋಗಿ ವೈರ್ ಕೀಳಬೇಕು. ನೆಟ್ ಹಾಕಿದಷ್ಟು ಹೊತ್ತು ಹೊರಗಿನಿಂದ ಯಾರ ಫೋನೂ ಒಳಗೆ ಬರುವುದಿಲ್ಲ.

ರೇಟು ನೋಡುವುದು ಐದು ನಿಮಿಷದ ಕೆಲಸ. ಉಳಿದ ಹೊತ್ತಿಗೆ ನಾನು ಯಾಹೂ ಗೇಮ್ಸ್‌ನ ಚೆಸ್ ಕೋಣೆ ಕಂಡುಹಿಡಿದೆ. ಕೊಟ್ಟಿಗೆಹಾರದ ತೋಟದ ಆಫೀಸಿನಲ್ಲಿ ಕೂತು ಇನ್ನೊಂದು ದೇಶದ, ಮುಖ ಗೊತ್ತಿಲ್ಲದವನ ಕುದುರೆ ಹೊಡೆಯುವುದಿದೆಯಲ್ಲ, ಆ ಖುಷಿಯನ್ನು ಯಾರಿಗೂ ಹೇಳುವಂತಿರಲಿಲ್ಲ.

ಅಷ್ಟು ನಿಧಾನದ ಲೈನಿನಲ್ಲಿ ಚೆಸ್ ಯಾಕೆ ಸಲೀಸಾಗಿ ಆಡಬಹುದಿತ್ತು ಅನ್ನುವುದು ಆಮೇಲೆ ಅರ್ಥವಾಯಿತು. ಬೋರ್ಡು, ಆನೆ, ಕುದುರೆಗಳ ಚಿತ್ರ ಒಮ್ಮೆ ಬಂದು ನಮ್ಮ ಕಂಪ್ಯೂಟರಿನಲ್ಲಿ ಕೂತುಬಿಟ್ಟರೆ ಮುಗಿಯಿತು. ಆಮೇಲೆ ತಂತಿಯಲ್ಲಿ ಓಡಾಡಬೇಕಾದದ್ದು ಎರಡು ಮನೆಗಳ ಹೆಸರು ಮಾತ್ರ. ಇ2ರಿಂದ ಇ4ಕ್ಕೆ. ನಾಲ್ಕು ಅಕ್ಷರ. ಎಂಥ ಹದಗೆಟ್ಟ ಲೈನಿನಲ್ಲೂ ನಾಲ್ಕು ಅಕ್ಷರ ದಾಟಿಬಿಡುತ್ತದೆ. ತಡವಾಗಿ ದಾಟಿದರೂ ಆಟದ ನಿಜ ಬದಲಾಗುವುದಿಲ್ಲ. ಎದುರಿನವನು ಕಾಯುತ್ತಾನೆ, ಅಷ್ಟೆ.

ಬಂದೂಕಿನ ಆಟ ಹಾಗಲ್ಲ. ಸಾಹುಕಾರರ ಮಗ ಬೆಂಗಳೂರಿಗೆ ಓದಲು ಹೋಗುವಾಗ ಬಿಟ್ಟುಹೋದ ಕ್ವೇಕ್ 3ರ ಸಿಡಿ ಸಿಕ್ಕಿತು. ಅಲ್ಲಿ ಯಾರು ಎಲ್ಲಿದ್ದಾರೆ, ಯಾವ ಕಡೆ ತಿರುಗಿದ್ದಾರೆ ಅನ್ನುವ ಲೆಕ್ಕ ಸೆಕೆಂಡಿಗೆ ಹತ್ತಾರು ಸಲ ಹೋಗಿ ಬರಬೇಕು. 1996ರಲ್ಲಿ ಮೊದಲ ಕ್ವೇಕ್ ಬಂದಾಗ ಮೋಡೆಮ್‌ನವರ ಪಾಡು ನಾಯಿಪಾಡಾಗಿತ್ತಂತೆ. ನೀವು ಬಟನ್ ಒತ್ತಿದರೆ ಸುದ್ದಿ ಸರ್ವರ್‌ಗೆ ಹೋಗಿ, ಅಲ್ಲಿಂದ ಉತ್ತರ ಬಂದ ಮೇಲೆ ನಿಮ್ಮ ಆಳು ಕಾಲೆತ್ತುತ್ತಿದ್ದ. ಕೆಸರುಗದ್ದೆಯಲ್ಲಿ ಓಡಿದ ಹಾಗೆ. ಅದೇ ವರ್ಷದ ಡಿಸೆಂಬರಿನಲ್ಲಿ ಜಾನ್ ಕಾರ್ಮ್ಯಾಕ್ ಮತ್ತು ಸಂಗಡಿಗರು ಕ್ವೇಕ್‌ವರ್ಲ್ಡ್ ಎಂಬ ಹೊಸ ಆವೃತ್ತಿ ಬಿಟ್ಟರು. ಅದರಲ್ಲಿದ್ದ ಉಪಾಯ ಸರಳ. ಸರ್ವರ್‌ನ ಉತ್ತರಕ್ಕೆ ಕಾಯಬೇಡ, ನಿನ್ನ ಕಂಪ್ಯೂಟರೇ ಅಂದಾಜು ಮಾಡಿ ಆಳನ್ನು ಮುಂದೆ ಓಡಿಸಲಿ. ನಿಜ ಬಂದ ಮೇಲೆ ಅಂದಾಜು ತಪ್ಪಿದ್ದರೆ ಅವನನ್ನು ಎಳೆದು ಸರಿಯಾದ ಜಾಗಕ್ಕೆ ನಿಲ್ಲಿಸು. ಆಮೇಲೆ ಬಂದ ಇಂಥ ಆಟಗಳೆಲ್ಲ ಹೆಚ್ಚು ಕಡಿಮೆ ಇದೇ ದಾರಿ ಹಿಡಿದವು.

ನನ್ನ ಲೈನಿನಲ್ಲಿ ಆ ಎಳೆದಾಟವೇ ಆಟವಾಗಿತ್ತು. ನನ್ನ ಪರದೆಯಲ್ಲಿ ನಾನು ಓಡಿಹೋಗಿ ಗೋಡೆ ಮರೆಗೆ ಸೇರಿರುತ್ತಿದ್ದೆ. ಅರ್ಧ ಸೆಕೆಂಡ್ ಬಿಟ್ಟು ಸರ್ವರ್ ಹೇಳುತ್ತಿತ್ತು: ಇಲ್ಲ, ನೀನು ಬಯಲಲ್ಲೇ ಸತ್ತೆ. ಕಣ್ಣಾರೆ ನೋಡಿದ್ದು ನಡೆದೇ ಇರಲಿಲ್ಲ. ಅದು ಬರೀ ಅಂದಾಜು. ನಾಲ್ಕು ದಿನ ಆಡಿ ಸಿಡಿ ಎತ್ತಿಟ್ಟು ಚೆಸ್‌ಗೆ ವಾಪಸಾದೆ.

ಫೋನ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಆ ಸಲದ್ದು ಮೂರು ಪಟ್ಟಾಗಿತ್ತು. ಅಪ್ಪ ಅದನ್ನು ಸಾಹುಕಾರರಿಗೆ ತೋರಿಸುವ ಮುಂಚೆ ಮನೆಗೆ ತಂದು ನನ್ನ ಮುಂದೆ ಇಟ್ಟರು. "ಇಷ್ಟೊತ್ತು ಎಂತ ರೇಟು ನೋಡ್ತಿದ್ದೆ?" ಅಂದರು. ನಾನು ಮಾತಾಡಲಿಲ್ಲ. ಹೆಚ್ಚಾದಷ್ಟು ದುಡ್ಡನ್ನು ತಮ್ಮ ಸಂಬಳದಲ್ಲಿ ಹಿಡಿಸಿದರು ಅಂತ ಆಮೇಲೆ ಅಮ್ಮನಿಂದ ಗೊತ್ತಾಯಿತು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಆ ತಂತಿ ಕಲಿಸಿದ್ದನ್ನು ನಾನು ಒಮ್ಮೆ ಮರೆತಿದ್ದೆ.

ಡಿಪ್ಲೊಮಾ ಮುಗಿಸಿ ಸ್ಟ್ರಿಂಜರ್ ಆದ ಮೇಲೆ ಡಯಲ್‌ಅಪ್ ದಿನಗಳ ಅಭ್ಯಾಸ ತುಂಬ ಸಲ ಕೈಹಿಡಿದಿದೆ. ಮೊದಲು ಅಕ್ಷರ ಕಳಿಸು, ಫೋಟೋ ಆಮೇಲೆ. ಫೋಟೋವನ್ನು ಕುಗ್ಗಿಸಿ ಕಳಿಸು. ಡೆಸ್ಕಿನವರು ಚೆನ್ನಾಗಿರುವುದು ಕೇಳಿದರೆ ರಾತ್ರಿ ಕೊಡು. ಮೂಡಿಗೆರೆ ಕಡೆಯ ಸ್ಟ್ರಿಂಜರ್‌ಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ, ಮಳೆಗಾಲವೇ ಕಲಿಸುತ್ತದೆ.

2019ರ ಆಗಸ್ಟ್ ನಿಮಗೆ ನೆನಪಿರಬಹುದು. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ ತೋಟಗಳೇ ಹೋದವು. ಚಾರ್ಮಾಡಿ ಘಾಟಿ ಬಂದ್ ಆಯಿತು. ಕರೆಂಟ್ ಕಂಬ ಉರುಳಿದ್ದವು. ಮೊಬೈಲ್‌ನಲ್ಲಿ ಒಂದು ಕಡ್ಡಿ ಬಂದರೆ ಪಕ್ಕದಲ್ಲಿ ಇಂಗ್ಲಿಷಿನ ಇ ಅಕ್ಷರ ತೋರಿಸುತ್ತಿತ್ತು. ವೇಗದ ಮಟ್ಟಿಗೆ ನಾನು ಮತ್ತೆ ತೋಟದ ಆಫೀಸಿನಲ್ಲಿ ಕೂತ ಹಾಗೆಯೇ.

ಅಂಥ ಒಂದು ರಾತ್ರಿ ಎಂಟೂವರೆಗೆ ಪರಿಚಯದವರೊಬ್ಬರ ಫೋನು ಬಂತು. ಹರಿದು ಹರಿದು ಕೇಳಿಸಿತು. ಒಂದು ಹಳ್ಳಿಯ ಮೇಲಿನ ಗುಡ್ಡ ಜಾರಿದೆ, ಅಂಚಿನ ಮನೆ ಕಾಣ್ತಿಲ್ಲ, ಅಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇದ್ದರು. ಅಷ್ಟರಲ್ಲಿ ಕಟ್ ಆಯಿತು. ತಿರುಗಿ ಮಾಡಿದೆ, ಸಿಗಲಿಲ್ಲ. ಹೋಗೋಣವೆಂದರೆ ರಸ್ತೆಯೇ ಇರಲಿಲ್ಲ. ಅತ್ತ ಡೆಸ್ಕಿನಿಂದ ಪುಟ ಮುಗಿಸುವ ಅವಸರ. ನಾನು ಬರೆದೆ: "ವೃದ್ಧ ದಂಪತಿ ಮಣ್ಣಿನಡಿ ಸಿಲುಕಿರುವ ಶಂಕೆ ಇದೆ."

ನಮ್ಮ ವೃತ್ತಿಯಲ್ಲಿ ಈ "ಶಂಕೆ", "ಎನ್ನಲಾಗಿದೆ" ಅನ್ನುವ ಪದಗಳು ಕೊಡೆ ಇದ್ದ ಹಾಗೆ. ಬಿಡಿಸಿಕೊಂಡರೆ ನಾವು ನೆನೆಯುವುದಿಲ್ಲ. ಓದುವವರು ಮಾತ್ರ ನೆನೆಯುತ್ತಾರೆ. ಆ ಪದಗಳನ್ನು ಯಾರೂ ಓದುವುದಿಲ್ಲ, ಹಿಂದಿನ ಪದಗಳನ್ನು ಮಾತ್ರ ಓದುತ್ತಾರೆ. ರಾತ್ರಿಯೇ ವೆಬ್‌ಸೈಟಿನಲ್ಲಿ ಅದು ಹೋಯಿತು. ಊರಿನ ಹೆಸರೂ ಇತ್ತು. ಆ ಊರಿನ ಅಂಚಿನ ಮನೆ ಯಾವುದೆಂದು ಗೊತ್ತಿದ್ದವರಿಗೆ ಬೇರೆ ಹೆಸರು ಬೇಕಿರಲಿಲ್ಲ.

ಬೆಳಿಗ್ಗೆ ಆರೂವರೆಗೆ ಕೊಟ್ಟಿಗೆಹಾರದ ಸರ್ಕಲ್‌ನಲ್ಲಿ ಕೆಸರು ಮೆತ್ತಿದ ಕಾರು ನಿಂತಿತ್ತು. ಬೆಂಗಳೂರಿನಿಂದ ರಾತ್ರಿಯೆಲ್ಲ ಆ ಮಳೆಯಲ್ಲಿ ಒಬ್ಬನೇ ಓಡಿಸಿಕೊಂಡು ಬಂದಿದ್ದ, ಆ ದಂಪತಿಯ ಮಗ. ನನಗಿಂತ ಚಿಕ್ಕವನು. ಯಾರೋ ನನ್ನನ್ನು ತೋರಿಸಿದರು. ಅವನು ಹತ್ತಿರ ಬಂದು, "ಸಾರ್, ನೀವು ನೋಡಿದ್ರಾ?" ಅಂದ.

"ಇಲ್ಲ" ಅಂದೆ.

"ಮತ್ತೆ ಯಾರು ನೋಡಿದ್ರು?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ನನಗೆ ಫೋನು ಮಾಡಿದವರೂ ನೋಡಿರಲಿಲ್ಲ.

ಇಬ್ಬರೂ ಸೇರಿ ಗಂಜಿ ಕೇಂದ್ರಗಳಿಗೆ ಹೊರಟೆವು. ಎರಡನೆಯದರಲ್ಲಿ, ಶಾಲೆಯ ಕೊಠಡಿಯೊಂದರ ಮೂಲೆಯಲ್ಲಿ ಅವರಿಬ್ಬರೂ ಕಂಬಳಿ ಹೊದ್ದು ಕೂತಿದ್ದರು. ಹಿಂದಿನ ದಿನ ಮಧ್ಯಾಹ್ನವೇ ಗುಡ್ಡದಲ್ಲಿ ಬಿರುಕು ನೋಡಿ, ದನಗಳ ಹಗ್ಗ ಬಿಚ್ಚಿ, ನಡೆದುಕೊಂಡು ಇಳಿದು ಬಂದಿದ್ದರಂತೆ. ಫೋನ್ ಚಾರ್ಜ್ ಮುಗಿದಿತ್ತು. ಮಗ ಬಾಗಿಲಲ್ಲೇ ಕುಸಿದು ಕೂತ. ಅವರಮ್ಮ ಎದ್ದು ಬಂದು ಅವನ ತಲೆ ಒರೆಸಿದರು.

ನಾನೇ ಬರೆದವನು ಅಂತ ಹೇಳಿಕೊಂಡೆ. ಅಜ್ಜ ನಕ್ಕರು. "ಸುಳ್ಳು ಸಾವಿನ ಸುದ್ದಿ ಬಂದ್ರೆ ಆಯಸ್ಸು ಜಾಸ್ತಿಯಂತೆ, ಒಳ್ಳೇದೇ ಮಾಡಿದೆ ಬಿಡು" ಅಂದರು. ಅಜ್ಜಿ ನಗಲಿಲ್ಲ. "ಆ ಮಳೇಲಿ ಗಾಡಿ ಓಡಿಸ್ಕಂಡು ಬರ್ತಾ ಇವ್ನಿಗೇ ಏನಾದ್ರೂ ಆಗಿದ್ರೆ?" ಅಂದರು. ಅಷ್ಟೇ.

ಮಾರನೇ ದಿನ ಎರಡು ಸಾಲಿನ ಸ್ಪಷ್ಟನೆ ಒಳಪುಟದಲ್ಲಿ ಬಂತು. ಆಟದಲ್ಲಿ ಅಂದಾಜು ತಪ್ಪಾದರೆ ಸರ್ವರ್ ಅರ್ಧ ಸೆಕೆಂಡಿನಲ್ಲಿ ಎಳೆದು ಸರಿ ಜಾಗಕ್ಕೆ ನಿಲ್ಲಿಸುತ್ತದೆ. ಪತ್ರಿಕೆಯಲ್ಲಿ ಒಂದು ದಿನ ಬೇಕು. ಅಷ್ಟರೊಳಗೆ ಒಬ್ಬ ಮನುಷ್ಯ ಕತ್ತಲಲ್ಲಿ ಇಡೀ ರಾತ್ರಿ ಗಾಡಿ ಓಡಿಸಿರುತ್ತಾನೆ.

ಆವತ್ತಿನಿಂದ ನಾನು ಮಳೆಗಾಲದ ಸುದ್ದಿಯನ್ನು ಮೂರು ಸಾಲಿನಲ್ಲಿ ಕಳಿಸುತ್ತೇನೆ. ನಾನು ನೋಡಿದ್ದು ಇದು. ಇಂಥವರು ಹೇಳಿದ್ದು ಇದು. ಇನ್ನೂ ಗೊತ್ತಾಗಿಲ್ಲದ್ದು ಇದು. ಡೆಸ್ಕಿನವರು ಮೂರನೇ ಸಾಲನ್ನು ಎಷ್ಟೋ ಸಲ ಹೊಡೆದು ಹಾಕುತ್ತಾರೆ. ನಾನು ಮತ್ತೆ ಫೋನು ಮಾಡಿ ಹಾಕಿಸುತ್ತೇನೆ. ಇದರಿಂದ ಒಂದೆರಡು ಸುದ್ದಿ ಬೇರೆ ಪತ್ರಿಕೆಯವರಿಗೆ ಮೊದಲು ಸಿಕ್ಕಿವೆ, ಸುಳ್ಳು ಹೇಳುವುದಿಲ್ಲ. ಸ್ಟ್ರಿಂಜರ್‌ಗೆ ಅದು ದುಡ್ಡಿನ ಲೆಕ್ಕವೂ ಹೌದು. ಆದರೂ ನಾಲ್ಕು ಅಕ್ಷರ ತಡವಾಗಿ ದಾಟಿದರೆ ಆಟ ಕೆಡುವುದಿಲ್ಲ ಅಂತ ನನಗೆ ಹದಿನೇಳನೇ ವಯಸ್ಸಿಗೇ ಗೊತ್ತಿತ್ತು. ಅದಕ್ಕೆ ಅಪ್ಪ ಸಂಬಳದಲ್ಲಿ ದುಡ್ಡು ಕೊಟ್ಟಿದ್ದರು.

ಪಕ್ಕದ ಮನೆ ಹುಡುಗ ಇದನ್ನೆಲ್ಲ ಕೇಳಿಸಿಕೊಳ್ಳುವಷ್ಟು ಹೊತ್ತು ಕೂರಲಿಲ್ಲ. "ಕಡ್ಡಿ ಬಂತು ಅಣ್ಣ" ಅಂದವನೇ ಮತ್ತೆ ಆಟಕ್ಕೆ ಬಗ್ಗಿದ. ಹೊರಗೆ ಮಳೆ ಜೋರಾಗಿತ್ತು. ನಾನು ಒಳಗೆ ಹೋಗಿ, ಗುಡ್ಡದ ಕಡೆಯವರಿಗೊಂದು ಫೋನು ಮಾಡಿ, ಎಲ್ಲರೂ ಇದ್ದೀರಾ ಅಂತ ಕೇಳಿದೆ.