ಕೊನೆಯ ಚೆಕ್‌ನಿಂದ ಹಿಂದಕ್ಕೆ

ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ ಆಸ್ತಿಯೆಲ್ಲ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿ ಬಾಗಿಲು ಹಾಕುವ ಸಮಾಪನೆಗೆ ಇಳಿದ ಅಮೆರಿಕನ್ ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್ (ರೀಟ್) ಒಂದರ ಎಕ್ಸೆಲ್ ಹಾಳೆ ತಂದು ತೋರಿಸಿದ. ಕಟ್ಟಡಗಳೆಲ್ಲ ಮಾರಾಟವಾಗುವುದು ಡಿಸೆಂಬರ್ 31ಕ್ಕೆ, ಕಚೇರಿಗೆ ಬೀಗ ಬೀಳುವುದೂ ಡಿಸೆಂಬರ್ 31ಕ್ಕೆ. ಯಾಕಪ್ಪಾ ಅದೇ ದಿನ ಎಂದು ಕೇಳಿದೆ. "ವರ್ಷದ ಕೊನೆ ಅಲ್ವಾ ಸಾರ್, ಲೆಕ್ಕಕ್ಕೆ ಅನುಕೂಲ" ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಇದನ್ನು ಕಲಿಸಿದ ಹಿರಿಯರ ಮೇಲೆ ಬಂತು.

ಸಮಾಪನೆಯ ಲೆಕ್ಕದಲ್ಲಿ ಮುಗಿಯುವ ದಿನವೇ ಎಲ್ಲಕ್ಕಿಂತ ದೊಡ್ಡ ಅಂಕಿ. ಕಟ್ಟಡದ ಬೆಲೆ ಎಷ್ಟೆಂದು ವಾರಗಟ್ಟಲೆ ವಾದ ಮಾಡುವವರು ದಿನದ ವಿಷಯಕ್ಕೆ ಬಂದಾಗ ಕ್ಯಾಲೆಂಡರಿನ ಕೊನೆಯ ಹಾಳೆ ಹರಿದು ಕೊಟ್ಟುಬಿಡುತ್ತಾರೆ. ಅಮೆರಿಕದ ಲೆಕ್ಕಪತ್ರ ಮಾನದಂಡ ಮಂಡಳಿ 2013ರಲ್ಲಿ ಸಮಾಪನೆಯ ಲೆಕ್ಕಪದ್ಧತಿಗೆ ಸ್ಪಷ್ಟ ನಿಯಮ ಬರೆಯಿತು. ಅಲ್ಲಿಯವರೆಗೆ ಒಬ್ಬೊಬ್ಬ ಆಡಿಟರ್‌ನದು ಒಂದೊಂದು ದಾರಿ. ನಿಯಮ ಬಂದ ಮೇಲೆ ಲಾಭ-ನಷ್ಟದ ಪಟ್ಟಿ ಹೋಯಿತು, ಸವಕಳಿ ನಿಂತಿತು. ಬಾಡಿಗೆಯನ್ನು ವರ್ಷಗಳಿಗೆ ಸಮನಾಗಿ ಹಂಚಿ ಕಟ್ಟಿಕೊಂಡಿದ್ದ ಕಾಗದದ ಬಾಕಿಯನ್ನು ಅಳಿಸಬೇಕು, ಏಕೆಂದರೆ ಅದರಿಂದ ಒಂದು ಡಾಲರೂ ಕೈಗೆ ಬರುವುದಿಲ್ಲ. ಸಾಲ ಎತ್ತುವಾಗ ಕೊಟ್ಟು ಮುಂದಕ್ಕೆ ತಳ್ಳಿಕೊಂಡು ಬಂದ ಶುಲ್ಕಕ್ಕೂ ಅದೇ ಗತಿ. ಮಾರಿದರೆ ನಿಜವಾಗಿ ಎಷ್ಟು ನಗದು ಬರುತ್ತದೋ ಅಷ್ಟೇ ಆಸ್ತಿ. ವರ್ಷಗಟ್ಟಲೆ ಹೊತ್ತು ತಂದ ಕಾಲ್ಪನಿಕ ಮೊತ್ತಗಳು ಒಂದೇ ಮಧ್ಯಾಹ್ನದಲ್ಲಿ ಉದುರಿಹೋಗುವುದನ್ನು ನೋಡುವುದು ಈ ಕಸುಬಿನಲ್ಲಿ ನನಗೆ ಸಿಗುವ ಅತಿ ದೊಡ್ಡ ಸುಖ.

ಆದರೆ ಕೈಚಳಕ ಬೇಕಾಗುವುದು ಕಟ್ಟಡಗಳ ಕೆಳಗಿನ ಸಾಲಿನಲ್ಲಿ. ಸಮಾಪನೆ ಮುಗಿಯುವವರೆಗೆ ಬರುವ ಬಾಡಿಗೆ ಎಷ್ಟು, ಹೋಗುವ ಖರ್ಚು ಎಷ್ಟು ಎಂದು ಅಂದಾಜು ಮಾಡಿ, ಅದನ್ನು ಇವತ್ತೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಖರ್ಚು ಹೆಚ್ಚಾದರೆ ಹೊಣೆ, ಬಾಡಿಗೆ ಹೆಚ್ಚಾದರೆ ಆಸ್ತಿ. ಎರಡು ವರ್ಷದ ನಂತರ ಕೊಡಬೇಕಾದ ಡಾಲರನ್ನು ಬಡ್ಡಿ ಕಳೆದು ಇಂದಿನ ಬೆಲೆಗೆ ಇಳಿಸುವಂತಿಲ್ಲ, ಪೂರ್ತಿ ಡಾಲರೇ. ಸಾಲ ಕೊಟ್ಟವನು ಹೇಗೂ ಸ್ವಲ್ಪ ಬಿಡುತ್ತಾನೆ ಎಂದು ಹೊಣೆಯನ್ನು ಮೊದಲೇ ಕಡಿಮೆ ಮಾಡಿಕೊಳ್ಳುವಂತೆಯೂ ಇಲ್ಲ.

ಈ ಸಾಲನ್ನು ಎಲ್ಲರೂ ಇವತ್ತಿನಿಂದ ಮುಂದಕ್ಕೆ ಕಟ್ಟುತ್ತಾರೆ. ಕಳೆದ ವರ್ಷದ ಆಡಳಿತ ವೆಚ್ಚ ತೆಗೆದುಕೊಂಡು, ತಿಂಗಳಿಗೆ ಭಾಗಿಸಿ, ಉಳಿದ ತಿಂಗಳುಗಳಿಂದ ಗುಣಿಸುತ್ತಾರೆ. ನಾನು ಕೊನೆಯ ಚೆಕ್‌ನಿಂದ ಹಿಂದಕ್ಕೆ ಬರುತ್ತೇನೆ. ಈ ಟ್ರಸ್ಟು ಬರೆಯುವ ಕಟ್ಟಕಡೆಯ ಚೆಕ್ ಯಾರ ಹೆಸರಿಗೆ? ಬಹುತೇಕ ಕೊನೆಯ ತೆರಿಗೆ ಲೆಕ್ಕ ಸಲ್ಲಿಸಿಕೊಡುವವರ ಹೆಸರಿಗೆ, ಇಲ್ಲವೇ ಹಳೆಯ ಕಡತಗಳನ್ನು ವರ್ಷಗಳ ಕಾಲ ಇಟ್ಟುಕೊಳ್ಳುವ ಗೋದಾಮಿಗೆ. ಅದರ ಹಿಂದಿನದು ಷೇರುದಾರರಿಗೆ ಕೊನೆಯ ಹಂಚಿಕೆ ಕಳಿಸಿ, ವಿಳಾಸ ಸಿಗದೆ ವಾಪಸು ಬಂದ ಲಕೋಟೆಗಳನ್ನು ನೋಡಿಕೊಳ್ಳುವ ಏಜೆಂಟಿಗೆ. ಅದಕ್ಕೂ ಹಿಂದೆ, ನಿರ್ದೇಶಕರ ಮೇಲೆ ಮುಂದೆ ಯಾರಾದರೂ ದಾವೆ ಹೂಡಿದರೆ ಇರಲಿ ಎಂದು ಒಂದೇ ಸಲ ಕಟ್ಟುವ ದೊಡ್ಡ ವಿಮಾ ಕಂತು. ಇನ್ನೂ ಹಿಂದೆ ಸರಿದರೆ, ಕಟ್ಟಡ ಕೊಂಡವರು ಛಾವಣಿ ಸೋರುತ್ತಿದೆ ಎಂದು ತಗಾದೆ ತೆಗೆಯಬಹುದಾದ ಆ ಕೆಲವು ತಿಂಗಳು, ಅಷ್ಟೂ ದಿನ ಬಾಗಿಲು ತೆರೆದಿಟ್ಟುಕೊಳ್ಳಲು ಬೇಕಾದ ಸಂಬಳ. ಆಮೇಲೆ ಕಟ್ಟಡಗಳು, ಒಂದೊಂದಕ್ಕೂ ಅದರದೇ ತಿಂಗಳು. ಮದುವೆ ಮುಗಿದ ಮರುದಿನ ಪಾತ್ರೆ ಬಾಡಿಗೆಯವರು ಲೋಟ ಎಣಿಸಲು ಬರುವಂತೆ, ಈ ಬಿಲ್ಲುಗಳು ಎಲ್ಲರೂ ಎದ್ದುಹೋದ ಮೇಲೆ ಬರುತ್ತವೆ. ಮುಂದಕ್ಕೆ ಗುಣಿಸುವವರ ಹಾಳೆಯಲ್ಲಿ ಇವು ಸಿಗುವುದೇ ಇಲ್ಲ. ಹಿಂದಕ್ಕೆ ಬಂದರೆ ಇನ್ನೊಂದು ಲಾಭವಿದೆ. ಕೊನೆಯ ಕಟ್ಟಡ ಮಾರಿದ ಮೇಲೆ ಬಾಡಿಗೆಯ ಕಾಲಂ ಸೊನ್ನೆಯಾಗಿ, ಖರ್ಚಿನ ಕಾಲಂ ಮಾತ್ರ ನಡೆಯುತ್ತಾ ಹೋಗುವುದು ಕಣ್ಣಿಗೆ ಕಾಣುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ನಮಗೆ ಇನ್ನೊಂದು ತೊಡಕು. ಎಂಬೆಸಿ ಆಫೀಸ್ ಪಾರ್ಕ್ಸ್ 2019ರಲ್ಲಿ ದೇಶದ ಮೊದಲ ರೀಟ್ ಆಗಿ ಷೇರುಪೇಟೆಗೆ ಬಂದಾಗಿನಿಂದ, ಷೇರುಪೇಟೆಯ ನಿಯಂತ್ರಕ ಸೆಬಿ ಕೇಳುವ 'ನ್ಯಾಯೋಚಿತ ಮೌಲ್ಯದಲ್ಲಿ ನಿವ್ವಳ ಆಸ್ತಿ'ಯ ಪಟ್ಟಿ ಇಲ್ಲಿನ ಹುಡುಗರಿಗೆ ಬಾಯಿಪಾಠ. ಅಮೆರಿಕದ 'ಸಮಾಪನೆಯಲ್ಲಿ ನಿವ್ವಳ ಆಸ್ತಿ'ಯನ್ನೂ ಅದರ ಜೊತೆ ಒಂದೇ ಕಪಾಟಿಗೆ ತುರುಕುತ್ತಾರೆ. ಮೊದಲನೆಯದರಲ್ಲಿ ಮೌಲ್ಯಮಾಪಕರು ಮುಂದಿನ ವರ್ಷಗಳ ಬಾಡಿಗೆಯನ್ನು ಇಂದಿನ ಬೆಲೆಗೆ ಇಳಿಸಿ ಹೇಳುತ್ತಾರೆ, ಟ್ರಸ್ಟು ನಾಳೆಯೂ ಬದುಕಿರುತ್ತದೆ. ಎರಡನೆಯದು ಷೇರುದಾರರ ಕೈಗೆ ಕೊನೆಗೆ ತಲುಪುವ ಹಣದ ಅಂದಾಜು. ಇವನ್ನು ಒಂದೇ ಎಂದು ಸಾಧಿಸುವ ಲೆಕ್ಕಪರಿಶೋಧಕರ ಜೊತೆ ಜಗಳವಾಡುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಅಮೆರಿಕದಲ್ಲಿ ಮುಗಿಯುವ ದಿನಕ್ಕೆ ಇಷ್ಟು ಬೆಲೆ ಬರಲು ತೆರಿಗೆಯೂ ಕಾರಣ. 1960ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಸಿಗಾರ್ ಸುಂಕದ ಕಾಯ್ದೆಯೊಳಗೆ ಸೇರಿಕೊಂಡು ಹುಟ್ಟಿದ್ದು ರೀಟ್. ತೆರಿಗೆ ಬೀಳುವ ಆದಾಯದ 90 ಪ್ರತಿಶತವನ್ನಾದರೂ ಹಂಚಲೇಬೇಕು ಎಂಬುದು ಅದರ ಇಂದಿನ ಕಟ್ಟುಪಾಡು. ಸಮಾಪನೆಯ ಯೋಜನೆ ಒಪ್ಪಿದ 24 ತಿಂಗಳೊಳಗೆ ಹಂಚಿ ಮುಗಿಸಿದರೆ ಆ ಹಂಚಿಕೆಯನ್ನು ಲಾಭಾಂಶವೆಂದು ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಮುಗಿಯದಿದ್ದರೆ ಉಳಿದದ್ದನ್ನು ಸಮಾಪನಾ ಟ್ರಸ್ಟಿಗೆ ವರ್ಗಾಯಿಸುವುದು ರೂಢಿ. ಬಾಸ್ಟನ್ನಿನ ವಿಂಥ್ರಾಪ್ ರಿಯಾಲ್ಟಿ ಟ್ರಸ್ಟಿನ ಷೇರುದಾರರು 2014ರ ಆಗಸ್ಟ್ 5ರಂದು ಯೋಜನೆ ಒಪ್ಪಿದರು, 2016ರ ಆಗಸ್ಟ್ 5ರಂದು ಉಳಿದ ಆಸ್ತಿ ಸಮಾಪನಾ ಟ್ರಸ್ಟಿಗೆ ಹೋಯಿತು. ವರ್ಗಾವಣೆಯಾದ ಮೇಲೆ ಸಾಮಾನ್ಯವಾಗಿ ಆ ಪಾಲನ್ನು ಮಾರುವಂತಿಲ್ಲ, ವಾರಸುದಾರರಿಗೆ ಬಿಟ್ಟುಹೋಗಬಹುದು ಅಷ್ಟೆ. ಹೀಗೆ ಸಿಕ್ಕಿಹಾಕಿಕೊಂಡವರಿಗೆ ನಾವು ಕೊಡುವ ನಿವ್ವಳ ಆಸ್ತಿಯ ಹಾಳೆ ಬಿಟ್ಟರೆ ಬೇರೆ ಆಧಾರವಿಲ್ಲ.

ಆ ಹಾಳೆಯಲ್ಲೇ ಕೆಲವರು ಮೋಸ ಮಾಡುತ್ತಾರೆ. ಮೋಸ ಎಂದೇ ಹೇಳುತ್ತೇನೆ. ಪ್ರತಿ ತ್ರೈಮಾಸಿಕವೂ ಸಮಾಪನೆ ಮುಗಿಯುವ ದಿನವನ್ನು ಆರು ತಿಂಗಳು ಮುಂದಕ್ಕೆ ತಳ್ಳುವುದು. ಅದರಿಂದ ಖರ್ಚು ಏರುತ್ತದಲ್ಲ, ಅದನ್ನು ಕಟ್ಟಡವೊಂದರ ಬೆಲೆ ಏರಿತೆಂಬ ಮೊತ್ತದ ಜೊತೆ ಕೂಡಿಸಿ ಕಳೆದು, 'ಮರುಮಾಪನ' ಎಂಬ ಒಂದೇ ಸಾಲಿನಲ್ಲಿ ಮುಚ್ಚುವುದು. ನಿವ್ವಳ ಆಸ್ತಿ ಅಲ್ಲಾಡುವುದಿಲ್ಲ, ಓದುವವರು ನಿಶ್ಚಿಂತೆಯಿಂದ ಇರುತ್ತಾರೆ. ಷೇರುಪೇಟೆಗೇ ಬಾರದ ರೀಟುಗಳಲ್ಲಿ ಷೇರಿಗೆ 10 ಡಾಲರ್ ಕೊಟ್ಟು ನಿವೃತ್ತಿಯ ಹಣ ಹಾಕಿದವರು ಎಷ್ಟೋ ಜನ. ಅವರಿಗೆ ತಿಳಿಯಬೇಕಾದ್ದು ಎರಡೇ ಸಂಗತಿ: ಕಟ್ಟಡದ ಬೆಲೆ ಏನಾಯಿತು, ತಡವಾದದ್ದಕ್ಕೆ ಎಷ್ಟು ತೆತ್ತೆವು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಲು ಶಾಯಿಯೂ ಹೆಚ್ಚು ಬೇಡ.

ನಾವು ಹಾಳೆಯಲ್ಲಿ ಯಾವ ದಿನ ಬರೆದರೂ ಕಟ್ಟಡಗಳ ಕಾಲವೇ ಬೇರೆ. ಮ್ಯಾನ್‌ಹಟನ್ನಿನ ಎಂಟನೇ ಅವೆನ್ಯೂದಲ್ಲಿ ವರ್ಲ್ಡ್‌ವೈಡ್ ಪ್ಲಾಜಾ ಎಂಬ ಗೋಪುರವಿದೆ. ಆ ಜಾಗದಲ್ಲಿದ್ದ ಮೂರನೆಯ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣ 1968ರಲ್ಲಿ ಮುಚ್ಚಿತು. ಕೆಡವಿದ ಮೇಲೆ ಗೋಪುರ ಏಳುವವರೆಗೆ ವರ್ಷಾನುಗಟ್ಟಲೆ ಅಲ್ಲಿ ಕಾರು ನಿಲ್ಲಿಸುತ್ತಿದ್ದರು. ನ್ಯೂಯಾರ್ಕ್ ರೀಟ್‌ನ ಷೇರುದಾರರು 2017ರ ಜನವರಿಯಲ್ಲಿ ಸಮಾಪನೆಗೆ ಒಪ್ಪಿದಾಗ ಅದರ ಕೈಯಲ್ಲಿದ್ದ ದೊಡ್ಡ ಆಸ್ತಿ ಇದೇ. ಆ ಅಕ್ಟೋಬರ್‌ನಲ್ಲಿ ರಿಯಲ್ ಎಸ್ಟೇಟ್ ಕಂಪನಿಗಳಾದ ಎಸ್‌ಎಲ್ ಗ್ರೀನ್ ಮತ್ತು ಆರ್‌ಎಕ್ಸ್‌ಆರ್ ಸೇರಿ ಇಡೀ ಕಟ್ಟಡಕ್ಕೆ 172.5 ಕೋಟಿ ಡಾಲರ್ ಬೆಲೆ ಕಟ್ಟಿ 48.7 ಪ್ರತಿಶತ ಪಾಲು ಕೊಂಡವು. ರೀಟ್‌ನ ಬಳಿ 50.1 ಪ್ರತಿಶತ ಉಳಿಯಿತು. 24 ತಿಂಗಳು ತುಂಬುವ ಮೊದಲೇ, 2018ರ ನವೆಂಬರ್‌ನಲ್ಲಿ, ಅದು ಸಮಾಪನಾ ಟ್ರಸ್ಟಿನಂಥದೇ ಆದ ಲಿಕ್ವಿಡೇಟಿಂಗ್ ಎಲ್‌ಎಲ್‌ಸಿ ಆಗಿ ಬದಲಾಯಿತು. ಆಮೇಲೆ ಕೊರೊನಾ ಬಂತು, ಕಚೇರಿಗಳು ಖಾಲಿಯಾದವು. 2024ರಲ್ಲಿ ಕಟ್ಟಡದ ಹೆಸರಾಂತ ಬಾಡಿಗೆದಾರ ಕ್ರವಾತ್ ವಕೀಲ ಸಂಸ್ಥೆ ಅಲ್ಲಿಂದ ಎದ್ದು ಮ್ಯಾನ್‌ಹಟನ್ ವೆಸ್ಟ್‌ಗೆ ಹೋಯಿತು. 2017ರಲ್ಲಿ ಆ ಬೆಲೆ ನೋಡಿ ಪಾಲು ಇಟ್ಟುಕೊಂಡವರಿಗೆ ಮುಖ್ಯವಾಗಿದ್ದ ಪ್ರಶ್ನೆ 172.5 ಕೋಟಿ ಸರಿಯೋ ತಪ್ಪೋ ಎಂಬುದಲ್ಲ, ಅಷ್ಟು ಕೊಡುವವರು ಎಷ್ಟು ದಿನ ಇರುತ್ತಾರೆ ಎಂಬುದು.